ಪಠ್ಯಕ್ರಮದ ಪೆಟ್ಟಿಗೆಯಲ್ಲಿ ಧರ್ಮ ಎಷ್ಟು, ಪಾಠ ಎಷ್ಟು?

ಟೆಕ್ಸಸ್‌ನಲ್ಲಿ ಮಗುವನ್ನು ಮೊದಲಿನಿಂದಲೂ ಶಾಲೆಗೆ ಸೇರಿಸದೆ ಮನೆಯಲ್ಲೇ ಓದಿಸುತ್ತೇವೆ ಎನ್ನುವ ಅಪ್ಪ ಅಮ್ಮನಿಗೆ ಸರ್ಕಾರದ ಕಾಟ ಇಲ್ಲವೆಂದೇ ಹೇಳಬೇಕು. ಅರ್ಜಿ ಹಾಕಬೇಕಿಲ್ಲ, ಯಾರೂ ಬಂದು ತಪಾಸಣೆ ಮಾಡುವುದಿಲ್ಲ. 1994ರ ಲೀಪರ್ ಪ್ರಕರಣದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೋಂಸ್ಕೂಲನ್ನು ಒಂದು ಖಾಸಗಿ ಶಾಲೆಯಂತೆಯೇ ಕಂಡಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಉತ್ತಮ ಪೌರತ್ವ, ಈ ಐದನ್ನು ಒಂದು ಪಠ್ಯಕ್ರಮ ಇಟ್ಟುಕೊಂಡು ಪ್ರಾಮಾಣಿಕವಾಗಿ ಕಲಿಸುತ್ತಿದ್ದರೆ ಕಾನೂನಿನ ಕೆಲಸ ಮುಗಿಯಿತು. ತಲೆನೋವು ಶುರುವಾಗುವುದು ಪುಸ್ತಕಗಳ ಕ್ಯಾಟಲಾಗ್ ಕೈಗೆ ಬಂದ ಮೇಲೆ. ದಪ್ಪನೆಯ ಆ ಕ್ಯಾಟಲಾಗಿನಲ್ಲಿ ಅರ್ಧಕ್ಕರ್ಧ ಪುಟಗಳ ಮೇಲೆ ‘ಕ್ರಿಶ್ಚಿಯನ್’ ಎಂಬ ಪದವಿರುತ್ತದೆ, ಆದರೆ ಒಂದರಂತೆ ಇನ್ನೊಂದು ಇರುವುದಿಲ್ಲ.

ಮಂಗಳೂರು, ಉಡುಪಿ, ಧಾರವಾಡ, ಬೆಂಗಳೂರು ಕಡೆಯಿಂದ ಹೋಗಿ ಡಲ್ಲಾಸ್, ನ್ಯೂಜೆರ್ಸಿ ಸುತ್ತಮುತ್ತ ನೆಲೆಸಿದ ಕ್ರೈಸ್ತ ಕುಟುಂಬಗಳಲ್ಲಿ ಕೆಲವರು ಈಗ ಈ ಕ್ಯಾಟಲಾಗ್ ತಿರುವಿಹಾಕುತ್ತಿದ್ದಾರೆ. ಬೆಂಗಳೂರಿನಲ್ಲೇ ಕೂತು ಅದೇ ಪುಸ್ತಕ ತರಿಸಿಕೊಳ್ಳುವವರೂ ಇದ್ದಾರೆ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇವುಗಳಲ್ಲಿ ಒಳ್ಳೆಯ ಕ್ರಿಶ್ಚಿಯನ್ ಪಠ್ಯಕ್ರಮ ಯಾವುದು? ನಾಲ್ಕರಿಂದ ಎಂಟು ವರ್ಷದ ಮಕ್ಕಳ ಮಟ್ಟಿಗೆ ಈ ಪ್ರಶ್ನೆಯನ್ನು ಎರಡಾಗಿ ಒಡೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮಗು ಓದಲು, ಬರೆಯಲು, ಎಣಿಸಲು ಹೇಗೆ ಕಲಿಯುತ್ತದೆ ಎಂಬುದು ಒಂದು ಪ್ರಶ್ನೆ. ಮನೆಯ ನಂಬಿಕೆ ಮಗುವಿಗೆ ಹೇಗೆ ದಾಟುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ವರ್ಷದ ಪುಸ್ತಕಗಳನ್ನೆಲ್ಲ ಒಟ್ಟಿಗೆ ಮಾರುವ ಒಂದೇ ಪೆಟ್ಟಿಗೆಯಲ್ಲಿ ಉತ್ತರ ಸಿಗಲೇಬೇಕು ಎಂದು ಹೊರಟಾಗಲೇ ಹಣವೂ ಹೋಗುತ್ತದೆ, ಮಗುವಿನ ಉತ್ಸಾಹವೂ ಹೋಗುತ್ತದೆ.

ಇಷ್ಟೊಂದು ಪೆಟ್ಟಿಗೆಗಳು ಎಲ್ಲಿಂದ ಬಂದವು ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. 1962 ಮತ್ತು 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಗಳು ತಾವೇ ಮುಂದೆ ನಿಂತು ಪ್ರಾರ್ಥನೆ ಮಾಡಿಸುವುದನ್ನೂ ಬೈಬಲ್ ಓದಿಸುವುದನ್ನೂ ನಿಲ್ಲಿಸಿತು. ಆ ದಶಕದಲ್ಲಿ ಮತ್ತು ಮುಂದಿನದರಲ್ಲಿ ಚರ್ಚುಗಳ ಆಶ್ರಯದಲ್ಲಿ ಖಾಸಗಿ ಶಾಲೆಗಳು ಬಹಳ ಎದ್ದವು. ದಕ್ಷಿಣದ ರಾಜ್ಯಗಳಲ್ಲಿ ಕೆಲವು ಎದ್ದದ್ದು ಕಪ್ಪು ಮಕ್ಕಳ ಜೊತೆ ಬಿಳಿಯ ಮಕ್ಕಳು ಕೂರಬಾರದೆಂಬ ಕಾರಣಕ್ಕೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆ ಶಾಲೆಗಳಿಗೆ ಪುಸ್ತಕ ಬೇಕಾಗಿತ್ತು. ಫ್ಲಾರಿಡಾದ ಪೆನ್ಸಕೋಲಾದಲ್ಲಿ ಆರ್ಲಿನ್ ಮತ್ತು ಬೆಕಾ ಹಾರ್ಟನ್ ದಂಪತಿ 1972ರಲ್ಲಿ ಅಬೆಕಾ ಶುರುಮಾಡಿದರು. ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದಿಂದ ಬಿಜೆಯು ಪ್ರೆಸ್ ಬಂತು. ಟೆಕ್ಸಸ್‌ನಿಂದ 1970ರಲ್ಲಿ ಆಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್ ಹೊರಟಿತು. ವರ್ಷಕ್ಕೆ ಒಂದೊಂದು ವಿಷಯಕ್ಕೆ ಹನ್ನೆರಡು ತೆಳು ಪುಸ್ತಿಕೆ, ಮಗು ತಾನೇ ಓದಿ, ತಾನೇ ಉತ್ತರ ಬರೆದು, ತಾನೇ ತಾಳೆ ನೋಡಿಕೊಳ್ಳುವ ಕ್ರಮ.

ಹೋಂಸ್ಕೂಲ್ ಚಳವಳಿ ಬಲವಾದದ್ದು ಎಂಬತ್ತರ ದಶಕದಲ್ಲಿ. 1993ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಆಗ ಮನೆಗೆ ಬಂದದ್ದು ಶಾಲೆಗಾಗಿ ಬರೆದ ಇವೇ ಪುಸ್ತಕಗಳು. ಸಣ್ಣದಾಗಿ ಕಾಣುವ ಈ ಸಂಗತಿ ದೊಡ್ಡದು. ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಟೀಚರ್ ಐದು ಮಕ್ಕಳಿಗೆ ಓದು ಹೇಳಿಕೊಡುವಾಗ ಉಳಿದ ಇಪ್ಪತ್ತು ಮಂದಿಯನ್ನು ಸುಮ್ಮನೆ ಕೂರಿಸಬೇಕು. ಅದಕ್ಕಾಗಿಯೇ ಬಣ್ಣ ಹಚ್ಚುವ, ಗೆರೆ ಎಳೆಯುವ, ಖಾಲಿ ಜಾಗ ತುಂಬುವ ಹಾಳೆಗಳು ಅಷ್ಟೊಂದು ಇರುತ್ತವೆ. ಮನೆಯಲ್ಲಿ ಇರುವುದು ಒಂದೇ ಮಗು. ಮಗು ಗಟ್ಟಿಯಾಗಿ ಒಂದು ಸಾಲು ಓದಿದರೆ ಅದಕ್ಕೆ ಬರುತ್ತದೋ ಇಲ್ಲವೋ ಅಮ್ಮನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ನಾಲ್ಕು ಹಾಳೆಯಲ್ಲಿ ಮೂರನ್ನು ಬಿಟ್ಟರೆ ಪಾಠ ಬಿಟ್ಟಂತಾಗುವುದಿಲ್ಲ. ಆದರೂ ದುಡ್ಡು ಕೊಟ್ಟು ತಂದ ಪುಸ್ತಕದಲ್ಲಿ ಒಂದು ಪುಟ ಖಾಲಿ ಉಳಿದರೆ ನಮ್ಮ ಜನಕ್ಕೆ ಸಂಕಟ.

ಚಳವಳಿಯ ಹಿರಿಯರೇ ಅವಸರ ಬೇಡ ಎಂದಿದ್ದರು ಎಂಬುದು ಇಲ್ಲಿನ ತಮಾಷೆ. ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು, ಶಿಕ್ಷಣ ಕ್ಷೇತ್ರದವರು. 1975ರಲ್ಲಿ ಬಂದ ಅವರ ಪುಸ್ತಕದ ಒಟ್ಟು ವಾದ ಇಷ್ಟು: ಚಿಕ್ಕ ಮಕ್ಕಳನ್ನು ಬೇಗ ಪಾಠಕ್ಕೆ ಕೂರಿಸಬೇಡಿ, ಕಣ್ಣು, ಕೈ, ಮನಸ್ಸು ಹದಕ್ಕೆ ಬರಲಿ. ಕ್ರೈಸ್ತ ಹೋಂಸ್ಕೂಲ್ ಕುಟುಂಬಗಳ ಮೊದಲ ತಲೆಮಾರು ಈ ಮಾತನ್ನು ತಲೆಯ ಮೇಲಿಟ್ಟುಕೊಂಡಿತು. ಅದೇ ಕುಟುಂಬಗಳ ಮೇಜಿನ ಮೇಲೆ ಕೂತ ಅಬೆಕಾ ಮಾತ್ರ ಕಿಂಡರ್‌ಗಾರ್ಟನ್ ಮಗುವಿನ ಕೈಗೇ ಕೂಡಕ್ಷರ, ಅಂದರೆ ಕರ್ಸಿವ್ ಬರವಣಿಗೆ ಕೊಡುತ್ತದೆ. ಐದು ವರ್ಷದ ಬೆರಳಿಗೆ ಅದು ಬಂದರೆ ಬರಲಿ. ಬರದ ಮಗುವಿಗೆ ಬಿಡಿ ಅಕ್ಷರದ ಪುಸ್ತಕವನ್ನೂ ಅದೇ ಕಂಪನಿ ಮಾರುತ್ತದೆ.

ಪೆಟ್ಟಿಗೆಗಳ ಒಳಗಿನ ರೀತಿಗಳನ್ನು ಸ್ಥೂಲವಾಗಿ ಮೂರು ಎನ್ನಬಹುದು. ಮೊದಲನೆಯದು ಈಗ ಹೇಳಿದ ಪಠ್ಯಪುಸ್ತಕ, ವರ್ಕ್‌ಬುಕ್ಕಿನ ದಾರಿ. ಪ್ರತಿದಿನ ಏನು ಮಾಡಬೇಕೆಂದು ಬರೆದಿರುತ್ತದೆ, ವಿಡಿಯೋ ಪಾಠವೂ ಸಿಗುತ್ತದೆ, ತಾಯಿ ಹೆಚ್ಚು ತಯಾರಿ ಮಾಡಿಕೊಳ್ಳಬೇಕಿಲ್ಲ. ಕೈಗೂಸು ಇರುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಎರಡನೆಯದು ಕ್ಲಾಸಿಕಲ್ ಎನ್ನುವ ದಾರಿ. ಡೊರೊತಿ ಸೇಯರ್ಸ್ ಎಂಬ ಇಂಗ್ಲಿಷ್ ಲೇಖಕಿ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣ ಇದರ ಮೂಲ. ಚಿಕ್ಕ ಮಕ್ಕಳಿಗೆ ಬಾಯಿಪಾಠ ಎಂದರೆ ಖುಷಿ, ಆ ವಯಸ್ಸಿನಲ್ಲಿ ತುಂಬಿಸಿಬಿಡಿ, ತರ್ಕ ಆಮೇಲೆ ಬರುತ್ತದೆ ಎಂಬುದು ಅದರ ಸಾರ. ಮಗ್ಗಿ, ಕಾಗುಣಿತ, ವಾರ, ನಕ್ಷತ್ರ ಒಪ್ಪಿಸಿ ಬೆಳೆದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಇದಕ್ಕೆ ವಾರಕ್ಕೊಮ್ಮೆ ಹತ್ತಾರು ಕುಟುಂಬ ಸೇರುವ ಗುಂಪುಗಳಿವೆ. ಇತಿಹಾಸದ ಇಸವಿಗಳನ್ನು ಮಕ್ಕಳು ಹಾಡಿನಲ್ಲಿ ಹೇಳುತ್ತಾರೆ.

ಮೂರನೆಯದರ ಹಿಂದೆ ಇರುವವರು ಶಾರ್ಲೆಟ್ ಮೇಸನ್. 1842ರಿಂದ 1923ರವರೆಗೆ ಬದುಕಿದ ಇಂಗ್ಲೆಂಡಿನ ಶಿಕ್ಷಕಿ, ಆಂಬಲ್‌ಸೈಡ್ ಎಂಬ ಊರಿನಲ್ಲಿ ತರಬೇತಿ ಶಾಲೆ ನಡೆಸಿದವರು. ಆರು ವರ್ಷದವರೆಗೆ ಕ್ರಮಬದ್ಧ ಪಾಠ ಬೇಡ, ಮಗು ಹೊರಗೆ ಗಿಡ, ಹಕ್ಕಿ ನೋಡಲಿ. ಆಮೇಲೂ ಎಂಟರೊಳಗಿನವರಿಗೆ ಒಂದು ಪಾಠ ಇಪ್ಪತ್ತು ನಿಮಿಷ ಮೀರಬಾರದು. ಒಳ್ಳೆಯ ಪುಸ್ತಕವನ್ನು ಒಂದೇ ಸಲ ಓದಿ ಹೇಳಿ, ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಬಹುತೇಕ ಮರೆತುಹೋಗಿದ್ದ ಮೇಸನ್‌ರನ್ನು 1984ರಲ್ಲಿ ಸೂಸನ್ ಶೇಫರ್ ಮೆಕಾಲೆ ಅಮೆರಿಕದ ಕ್ರೈಸ್ತರಿಗೆ ಮತ್ತೆ ಪರಿಚಯಿಸಿದರು. ಅವರ ಜಾಡಿನಲ್ಲಿ ತಯಾರಾದ ಆಂಬಲ್‌ಸೈಡ್ ಆನ್‌ಲೈನ್ ಪಠ್ಯಕ್ರಮ ಪೂರ್ತಿ ಉಚಿತ. 1990ರಲ್ಲಿ ಜಾನ್ ಮತ್ತು ಸರಿಟಾ ಹೋಲ್ಜ್‌ಮನ್ ಶುರುಮಾಡಿದ ಸನ್‌ಲೈಟ್ ಕೂಡ ಕಥೆಪುಸ್ತಕಗಳ ಮೇಲೆ ನಿಂತದ್ದು. ಪರದೇಶಗಳಲ್ಲಿ ಶಾಲೆಯಿಲ್ಲದ ಕಡೆ ಇದ್ದ ಮಿಷನರಿ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದರಿಂದ ಅದು ಮೊದಲಿನಿಂದಲೂ ಮನೆಯ ಅಳತೆಯದು.

ಪುಸ್ತಕದ ಒಳಗೆ ಈ ವ್ಯತ್ಯಾಸ ಹೇಗೆ ಕಾಣುತ್ತದೆ ಎಂಬುದಕ್ಕೆ ಜಕ್ಕಾಯನ ಕಥೆ ತೆಗೆದುಕೊಳ್ಳೋಣ. ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯ. ಯೆರಿಕೋ ಊರಿನ ಸುಂಕದವನು, ಶ್ರೀಮಂತ, ಕುಳ್ಳ. ಜನರ ಗುಂಪಿನಲ್ಲಿ ಯೇಸು ಕಾಣುವುದಿಲ್ಲವೆಂದು ಮರ ಹತ್ತುತ್ತಾನೆ. ವರ್ಕ್‌ಬುಕ್ಕಿನ ರೀತಿಯಲ್ಲಿ ಈ ಕಥೆ ಬಂದರೆ ಕೆಳಗೆ ಮರದ ಚಿತ್ರವೂ ಒಂದು ಖಾಲಿ ಜಾಗವೂ ಇರುತ್ತದೆ: ಜಕ್ಕಾಯ ಯಾವ ಮರ ಹತ್ತಿದ? ಸೈಕಮೋರ್ ಎಂದು ಬರೆದರೆ ಸರಿ, ‘ದೊಡ್ಡ ಮರ’ ಎಂದು ಬರೆದರೆ ತಪ್ಪು. ಅಮೆರಿಕದ ಮಗುವಿಗೆ ಸೈಕಮೋರ್ ಎಂದರೆ ತನ್ನ ಬೀದಿಯಲ್ಲಿ ತೊಗಟೆ ಉದುರಿಸುತ್ತ ನಿಂತ ಬೇರೆಯದೇ ಮರ ಕಣ್ಣಿಗೆ ಬರುತ್ತದೆ. ಬೈಬಲ್ ಸೀಮೆಯ ಆ ಮರ ನಮ್ಮ ಅತ್ತಿಮರದ ದಾಯಾದಿ. ಅತ್ತಿಯಂತೆಯೇ ಕಾಂಡಕ್ಕೆ ಅಂಟಿಕೊಂಡು ಕಾಯಿ ಬಿಡುತ್ತದೆ. ರಜೆಗೆ ಊರಿಗೆ ಬಂದಾಗ ಅತ್ತಿಮರ ನೋಡಿದ ಮಗುವಿಗೆ ಇದನ್ನು ತೋರಿಸಿಕೊಟ್ಟರೆ ಆ ಖಾಲಿ ಜಾಗ ತುಂಬುವುದಕ್ಕಿಂತ ಹೆಚ್ಚು ಕಲಿತಂತೆ.

ಮೇಸನ್ ದಾರಿಯಲ್ಲಿ ಇದೇ ಕಥೆಗೆ ಹಾಳೆಯೇ ಇಲ್ಲ. ಅಮ್ಮ ಒಮ್ಮೆ ಓದಿ ಪುಸ್ತಕ ಮುಚ್ಚುತ್ತಾಳೆ. ಆರು ವರ್ಷದ ಮಗು ಹೇಳುವುದು ಹೀಗಿರಬಹುದು: “ಒಬ್ಬ ಕುಳ್ಳ ಇದ್ದ ಅಮ್ಮಾ. ಅವನು ಎಲ್ಲರ ಹತ್ರ ದುಡ್ಡು ಕಿತ್ಕೊಳ್ತಿದ್ದ. ಯೇಸು ಬಂದು, ಕೆಳಗೆ ಇಳಿ, ನಿಮ್ಮನೆಗೆ ಬರ್ತೀನಿ ಅಂದ್ರು. ಎಲ್ರಿಗೂ ಸಿಟ್ಟು ಬಂತು. ಅವನು ದುಡ್ಡೆಲ್ಲ ವಾಪಸ್ ಕೊಟ್ಬಿಟ್ಟ.” ಮರದ ಹೆಸರು ಬಿಟ್ಟುಹೋಗಿದೆ, ಊರಿನ ಹೆಸರೂ ಇಲ್ಲ. ಆದರೆ ಊರವರಿಗೆ ಸಿಟ್ಟು ಬಂದದ್ದು ನೆನಪಿದೆ, ಕಥೆಯ ತಿರುಳು ಇರುವುದೇ ಅಲ್ಲಿ. ಮಾತು ಜೋಡಿಸುವುದು, ಅನುಕ್ರಮ ಹಿಡಿಯುವುದು, ಗಮನವಿಟ್ಟು ಕೇಳುವುದು, ಮೂರೂ ಒಂದೇ ಸಲ ಆಗಿವೆ. ಚಿಕ್ಕ ಮಕ್ಕಳಿಗೆ ಬೈಬಲ್ ಹೇಳಿಕೊಡಲು ನಾನು ಕಂಡ ರೀತಿಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಇದಕ್ಕೆ ಖರ್ಚೂ ಇಲ್ಲ.

ಓದು ಮತ್ತು ಗಣಿತಕ್ಕೆ ಬಂದಾಗ ಲೆಕ್ಕ ಬೇರೆ. ಇಂಗ್ಲಿಷ್ ಓದಲು ಕಲಿಯುವ ಮಗುವಿಗೆ ಬೇಕಾದದ್ದು ಕ್ರಮವಾದ ಫೋನಿಕ್ಸ್: ಯಾವ ಅಕ್ಷರಕ್ಕೆ ಯಾವ ಸದ್ದು, ಸದ್ದುಗಳನ್ನು ಕೂಡಿಸುವುದು ಹೇಗೆ, ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ಆ ಕ್ರಮ ಪುಸ್ತಕದಲ್ಲಿದೆಯೇ ಎಂಬುದಷ್ಟೇ ಪ್ರಶ್ನೆ. ‘ಗಾಡ್’ ಎಂಬ ಪದವನ್ನು ಕೂಡಿಸಿ ಓದುವುದಕ್ಕೂ ‘ಡಾಗ್’ ಎಂಬುದನ್ನು ಕೂಡಿಸಿ ಓದುವುದಕ್ಕೂ ಮಗುವಿನ ಮಿದುಳು ಪಡುವ ಕಷ್ಟ ಒಂದೇ. ಸೀಗ್‌ಫ್ರೀಡ್ ಎಂಗಲ್‌ಮನ್ ಮತ್ತು ಸಂಗಡಿಗರು 1983ರಲ್ಲಿ ತಂದ ನೂರು ಪಾಠಗಳ ಓದಿನ ಪುಸ್ತಕದಲ್ಲಿ ಧರ್ಮದ ಸುದ್ದಿಯೇ ಇಲ್ಲ, ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ. ಎಷ್ಟೋ ಕಟ್ಟಾ ಕ್ರೈಸ್ತ ಮನೆಗಳಲ್ಲಿ ಮಕ್ಕಳು ಓದು ಕಲಿತದ್ದು ಅದರಿಂದಲೇ. ಗಣಿತವೂ ಹಾಗೆಯೇ. ಪುಸ್ತಕದ ಮುನ್ನುಡಿಯಲ್ಲಿ ಗಣಿತ ದೇವರ ಸೃಷ್ಟಿಯ ಶಿಸ್ತನ್ನು ತೋರಿಸುತ್ತದೆ ಎಂದು ಬರೆದಿರಬಹುದು, ಒಪ್ಪೋಣ. ಒಳಗೆ ಮಾತ್ರ ಏಳಕ್ಕೆ ಐದು ಕೂಡಿಸಿದರೆ ಹನ್ನೆರಡು. ಪಕ್ಕದಲ್ಲಿ ಹನ್ನೆರಡು ಶಿಷ್ಯರ ಚಿತ್ರ ಇದ್ದರೂ ಇಲ್ಲದಿದ್ದರೂ ಅಷ್ಟೇ. ಸಿಂಗಾಪುರದ ಶಾಲಾ ಗಣಿತ, ಮೊದಲು ಕೈಯಲ್ಲಿ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬ ಮೆಟ್ಟಿಲುಗಳದ್ದು. ಅದನ್ನು ತಂದು ಸತ್ಯವೇದ ಪಾಠದ ಪಕ್ಕದಲ್ಲಿಟ್ಟರೆ ಯಾವ ಸಿದ್ಧಾಂತಕ್ಕೂ ಧಕ್ಕೆಯಿಲ್ಲ.

ಇದರ ತಿರುಗಾ ಮುರುಗಾ ಕೂಡ ನಡೆಯುತ್ತದೆ. ‘ದಿ ಗುಡ್ ಅಂಡ್ ದಿ ಬ್ಯೂಟಿಫುಲ್’ ಎಂಬ ಪಠ್ಯಕ್ರಮದ ಸ್ಥಾಪಕಿ ಜೆನ್ನಿ ಫಿಲಿಪ್ಸ್ ಮಾರ್ಮನ್ ಸಭೆಯವರು ಎಂದು ತಿಳಿದ ಮೇಲೆ ಕೆಲವು ಇವ್ಯಾಂಜೆಲಿಕಲ್ ತಾಯಂದಿರು ಅದರ ಸಹವಾಸವೇ ಬೇಡ ಎಂದರು. ಅದರ ಭಾಷೆ ಮತ್ತು ಗಣಿತದ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ನೋಡಬಹುದು. ಸ್ಥಾಪಕಿಯ ಸಭೆ ಯಾವುದೆಂದು ವಾದ ಮಾಡುವ ಹೊತ್ತಿನಲ್ಲಿ ನಲವತ್ತು ಪುಟ ಓದಿದರೆ ತಮ್ಮ ಮನೆಗೆ ಒಪ್ಪದ ಮಾತು ಅಲ್ಲಿದೆಯೋ ಇಲ್ಲವೋ ತಾವೇ ಕಾಣಬಹುದಲ್ಲ.

ಹಾಗಾದರೆ ‘ಕ್ರಿಶ್ಚಿಯನ್’ ಎಂಬ ಪದಕ್ಕೆ ಎಲ್ಲಿ ನಿಜವಾದ ತೂಕವಿದೆ? ಬೈಬಲ್ ಪಾಠದಲ್ಲಿ, ವಿಜ್ಞಾನದಲ್ಲಿ, ಇತಿಹಾಸದಲ್ಲಿ. ಇಲ್ಲಿ ಸಭೆ ಸಭೆಗೆ ವ್ಯತ್ಯಾಸವಿದೆ, ಖರೀದಿಸುವವರು ಕಣ್ಣುಬಿಟ್ಟು ನೋಡಬೇಕಾದ್ದೂ ಇಲ್ಲೇ. ದಶಾಜ್ಞೆಗಳ ಬಾಯಿಪಾಠದ ಚೀಟಿಗಳನ್ನೇ ನೋಡಿ. ತಂದೆತಾಯಿಯನ್ನು ಗೌರವಿಸಬೇಕೆಂಬುದು ಕ್ಯಾಥೊಲಿಕರ ಎಣಿಕೆಯಲ್ಲಿ ನಾಲ್ಕನೆಯ ಆಜ್ಞೆ, ಬಹುತೇಕ ಪ್ರೊಟೆಸ್ಟಂಟರ ಎಣಿಕೆಯಲ್ಲಿ ಐದನೆಯದು; ವಿಗ್ರಹ ಬೇಡವೆಂಬುದನ್ನು ಇವರು ಪ್ರತ್ಯೇಕ ಎಣಿಸುತ್ತಾರೆ, ಅವರು ಮೊದಲನೆಯದರಲ್ಲೇ ಸೇರಿಸುತ್ತಾರೆ. ಕ್ಯಾಥೊಲಿಕ್ ಬೈಬಲ್‌ನಲ್ಲಿ 73 ಪುಸ್ತಕ, ಪ್ರೊಟೆಸ್ಟಂಟ್ ಬೈಬಲ್‌ನಲ್ಲಿ 66. ಮಂಗಳೂರಿನ ಕ್ಯಾಥೊಲಿಕ್ ಮನೆಯ ಮಗು ಅಬೆಕಾದ ಚೀಟಿಯಲ್ಲಿ ಕಲಿತು ಏಳೆಂಟು ವರ್ಷಕ್ಕೆ ಪ್ರಥಮ ಪರಮಪ್ರಸಾದದ ತಯಾರಿಗೆ ಕೂತಾಗ ಎಣಿಕೆ ತಪ್ಪುತ್ತದೆ. ಅಂಥವರಿಗೆ ವರ್ಜೀನಿಯಾದ ಸೀಟನ್ ಹೋಂ ಸ್ಟಡಿ ಸ್ಕೂಲಿನಂಥ ಕ್ಯಾಥೊಲಿಕ್ ಪಠ್ಯಕ್ರಮಗಳಿವೆ. ಸೋಫಿಯಾ ಕವಲೆಟ್ಟಿ 1954ರಲ್ಲಿ ರೋಮ್‌ನಲ್ಲಿ ಮಾಂಟೆಸ್ಸರಿ ಪದ್ಧತಿಯ ಮೇಲೆ ಕಟ್ಟಿದ ‘ಒಳ್ಳೆಯ ಕುರುಬ’ನ ಧರ್ಮೋಪದೇಶವೂ ಇದೆ: ಮೂರು ವರ್ಷದ ಮಗು ಮರದ ಪುಟ್ಟ ಕುರಿಗಳನ್ನು ಹಟ್ಟಿಯೊಳಗೆ ಹೊರಗೆ ನಡೆಸುತ್ತ ಸಾಮ್ಯ ಕೇಳುತ್ತದೆ.

ವಿಜ್ಞಾನದಲ್ಲಿ ಪ್ರಶ್ನೆ ಬರುವುದು ಡೈನೋಸಾರ್ ರೂಪದಲ್ಲಿ. ಅಬೆಕಾ, ಬಿಜೆಯು, ಅಪಾಲಜಿಯಾ ಎಂಬ ಇನ್ನೊಂದು ಪ್ರಕಾಶನ, ಇವು ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು, ಸೃಷ್ಟಿ ಆರು ದಿನದ ಕೆಲಸ ಎಂಬ ನಿಲುವಿನವು. ಎಲ್ಲ ಕ್ರೈಸ್ತರೂ ಹೀಗೆ ಓದುವುದಿಲ್ಲ. ಕ್ಯಾಥೊಲಿಕ್ ಸಭೆ 1950ರಲ್ಲಿ ಹನ್ನೆರಡನೆಯ ಪಯಸ್ ಪೋಪರ ಕಾಲದಲ್ಲೇ ಜೀವವಿಕಾಸದ ಬಗ್ಗೆ ವಿಚಾರಕ್ಕೆ ಬಾಗಿಲು ತೆರೆದಿತ್ತು. ಒಂದನೆಯ ತರಗತಿಯ ವಿಜ್ಞಾನವೆಂದರೆ ಬೀಜ ಮೊಳೆಯುವುದು, ಕಂಬಳಿಹುಳು ಚಿಟ್ಟೆಯಾಗುವುದು. ಅಲ್ಲಿ ಜಗಳಕ್ಕೆ ಜಾಗ ಕಡಿಮೆ. ಮುಂದೆ ಹೈಸ್ಕೂಲಿಗೆ ಬಂದಾಗ ಇದೇ ವಿಷಯ ನ್ಯಾಯಾಲಯದವರೆಗೆ ಹೋಗಿದೆ. ಇಂಥ ಪಠ್ಯಗಳ ಮೇಲೆ ನಿಂತ ಕೆಲವು ಕೋರ್ಸುಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಮಾನ್ಯ ಮಾಡಲಿಲ್ಲ, ಮೇಲ್ಮನವಿ ನ್ಯಾಯಾಲಯ 2010ರಲ್ಲಿ ವಿಶ್ವವಿದ್ಯಾಲಯದ ಪರವಾಗಿ ನಿಂತಿತು. ಐದು ವರ್ಷದ ಮಗುವಿನ ಅಪ್ಪ ಅಮ್ಮ ಇದಕ್ಕೆ ಈಗಲೇ ನಿದ್ದೆಗೆಡಬೇಕಿಲ್ಲ, ಆದರೆ ಒಂದೇ ಕಂಪನಿಯನ್ನು ಹನ್ನೆರಡು ವರ್ಷಕ್ಕೂ ನಂಬಿ ಕೂರುವುದು ಬೇಡ.

ಇತಿಹಾಸದ ವಿಷಯದಲ್ಲಿ ನಮ್ಮವರಿಗೆ ಬೇರೆಯದೇ ಒಂದು ಪೇಚು ಇದೆ. ಕ್ರೈಸ್ತ ಹೋಂಸ್ಕೂಲ್ ಮಕ್ಕಳ ಕೈಗೆ ಮಿಷನರಿಗಳ ಜೀವನಚರಿತ್ರೆ ಬಂದೇ ಬರುತ್ತದೆ. ಜಾನೆಟ್ ಮತ್ತು ಜೆಫ್ ಬೆಂಜ್ ದಂಪತಿ ಬರೆದ ಸರಣಿ ಬಹಳ ಜನಪ್ರಿಯ. ಅದರಲ್ಲಿ ಭಾರತ ಬರುವುದು ಆಮಿ ಕಾರ್ಮೈಕಲ್ ಮತ್ತು ವಿಲಿಯಂ ಕೇರಿ ಅವರ ಕಣ್ಣಿನಲ್ಲಿ. ಡಲ್ಲಾಸ್‌ನಲ್ಲಿ ಹುಟ್ಟಿದ ಮಗುವಿಗೆ ತನ್ನ ಅಜ್ಜಿಯ ದೇಶವೆಂದರೆ ಕಷ್ಟ, ಕತ್ತಲೆ, ಅದನ್ನು ಕಳೆಯಲು ಹಡಗು ಹತ್ತಿ ಬಂದ ಬಿಳಿಯ ಅಕ್ಕ ಎಂಬ ಚಿತ್ರವೇ ಮೊದಲು ಮೂಡಿದರೆ ಅದು ಸರಿಯಲ್ಲ. ಪುಸ್ತಕ ಎತ್ತಿಡಬೇಕಿಲ್ಲ, ಪಕ್ಕಕ್ಕೆ ಇನ್ನಷ್ಟು ಸೇರಿಸಬೇಕು. ಕಾರ್ಮೈಕಲ್ 1895ರಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಬೆಂಗಳೂರಿಗೆ, ಆಮೇಲೆ ತಮಿಳುನಾಡಿನ ದೋಹ್ನಾವೂರಿಗೆ ಹೋದದ್ದು ಎನ್ನಬಹುದು. ಕೇರಿ ಬಂಗಾಳದಲ್ಲಿ ಕೂತು 1817ರಲ್ಲಿ ಕನ್ನಡ ವ್ಯಾಕರಣವನ್ನೂ ಅಚ್ಚು ಹಾಕಿಸಿದರು ಎಂದು ಹೇಳಬಹುದು. ಹೇಳುವವರೇ ಕನ್ನಡದವರಾದ್ದರಿಂದ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನು, 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರ, 1894ರ ಕಿಟೆಲ್ ನಿಘಂಟು ಎಲ್ಲವೂ ಮಲಗುವ ಹೊತ್ತಿನ ಕಥೆಗೆ ಸಿಗುತ್ತವೆ.

ಇವರೆಲ್ಲರಿಗಿಂತ ನಾನು ಮುಂದಿಡುವ ಹೆಸರು ಪಂಡಿತಾ ರಮಾಬಾಯಿ. 1858ರಲ್ಲಿ ಕಾರ್ಕಳ ಸೀಮೆಯ ಘಟ್ಟದ ಕಾಡಿನಲ್ಲಿ, ಗಂಗಾಮೂಲದ ಬಳಿ ಹುಟ್ಟಿದ ಮಗು. ಬಾಲ್ಯದಲ್ಲಿ ಅವರು ಶಾಲೆಯ ಮುಖ ಕಾಣಲಿಲ್ಲ. ಹೆಣ್ಣಿಗೆ ಸಂಸ್ಕೃತ ಕಲಿಸಬಾರದು ಎಂಬ ಕಾಲದಲ್ಲಿ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಕಲಿಸಿದರು, ಆ ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು, ಭಾಗವತ ಬಾಯಿಪಾಠ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ತಲೆದೂಗಿ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು, ಮುಂದೆ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ವಿಧವೆಯರಿಗೆ, ಅನಾಥರಿಗೆ ಆಸರೆ ಕಟ್ಟಿದರು, ಬೈಬಲನ್ನು ಮರಾಠಿಗೆ ತಂದರು. ಮನೆಯಲ್ಲೇ ಓದಿದ, ಕರ್ನಾಟಕದಲ್ಲಿ ಹುಟ್ಟಿದ, ಕ್ರೈಸ್ತಳಾಗಿಯೂ ತನ್ನ ನೆಲದವಳಾಗಿಯೇ ಉಳಿದ ಹೆಂಗಸು. ಅಮೆರಿಕದ ಪೆಟ್ಟಿಗೆ ಇದನ್ನು ತಾನಾಗಿ ಕೊಡುವುದಿಲ್ಲ.

ಪೆಟ್ಟಿಗೆಯನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳುವ ಉಳಿದ ಕೆಲಸ ಸಣ್ಣಪುಟ್ಟದ್ದು, ಆದರೆ ದಿನದಿನದ್ದು. ಬಾಯಿಪಾಠದ ವಾಕ್ಯಗಳನ್ನು ಅಬೆಕಾ ಕೊಡುವುದು 1611ರ ಕಿಂಗ್ ಜೇಮ್ಸ್ ಇಂಗ್ಲಿಷಿನಲ್ಲಿ. ದೊಡ್ಡವರಿಗೇ ನಿಲುಕದ ಪದಗಳನ್ನು ಮಗು ಅರ್ಥವಿಲ್ಲದೆ ಒಪ್ಪಿಸುತ್ತದೆ. ಸರಳ ಅನುವಾದ ಬಳಸಿದರೆ ಯಾರೂ ಕೇಳುವವರಿಲ್ಲ. ವಾರಕ್ಕೊಂದು ವಾಕ್ಯವನ್ನು ಕನ್ನಡ ಸತ್ಯವೇದದಿಂದ ಕಲಿಸಿದರೆ ಇನ್ನೂ ಲಾಭ: ಇಪ್ಪತ್ತಮೂರನೆಯ ಕೀರ್ತನೆಯನ್ನು ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳು ಕನ್ನಡದಲ್ಲಿ ಹೇಳಿದರೆ ಉಡುಪಿಯ ಅಜ್ಜಿ ಫೋನ್ ಇಡುವುದೇ ಇಲ್ಲ. ಬೆಂಗಳೂರಿನಲ್ಲಿ ಈ ಪುಸ್ತಕ ಬಳಸುವವರು ಡಾಲರ್, ಸೆಂಟಿನ ಲೆಕ್ಕವನ್ನು ರೂಪಾಯಿಗೂ, ಇಂಚನ್ನು ಸೆಂಟಿಮೀಟರಿಗೂ ತಿರುಗಿಸಿಕೊಳ್ಳಬೇಕು. ಎಲೆ ಕೆಂಪಾಗುವ ಅಕ್ಟೋಬರ್ ಪಾಠವನ್ನು ಹಾರಿಸಿ ಜೂನ್‌ನಲ್ಲಿ ಮಳೆಯ ಪಾಠ ಮಾಡಬಹುದು.

ಇನ್ನು ವೇಳಾಪಟ್ಟಿ. ಮೂವತ್ತಾರು ವಾರ, ವಾರಕ್ಕೆ ನಾಲ್ಕೋ ಐದೋ ದಿನ, ಪ್ರತಿಯೊಂದಕ್ಕೂ ಒಂದು ಚೌಕ, ಮಾಡಿದರೆ ಟಿಕ್. ಕಥೆಪುಸ್ತಕದ ಪಠ್ಯಕ್ರಮಗಳಲ್ಲೂ ಇದೇ ಕಾಟ. ಆ ಪಟ್ಟಿ ಬರೆದವರಿಗೆ ನಿಮ್ಮ ಮನೆಯ ಮಗುವಿಗೆ ಜ್ವರ ಬಂದದ್ದು ಗೊತ್ತಿಲ್ಲ. ಕಿಂಡರ್‌ಗಾರ್ಟನ್ ವಯಸ್ಸಿಗೆ ಕೂತು ಮಾಡುವ ಪಾಠ ದಿನಕ್ಕೆ ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸು ಸಾಕು ಎನ್ನುವುದು ನನ್ನ ಲೆಕ್ಕ. ಮಗುವಿಗೆ ಗಣಿತ ಸಲೀಸಾಗಿ, ಓದು ಕಷ್ಟವಾಗಿ ಇದ್ದರೆ ಗಣಿತ ಎರಡನೆಯ ತರಗತಿಯದ್ದೂ ಓದು ಕಿಂಡರ್‌ಗಾರ್ಟನ್ನಿನದ್ದೂ ಒಟ್ಟಿಗೆ ನಡೆಯಬಹುದು. ಶಾಲೆಯಲ್ಲಿ ಆಗದ ಈ ಅನುಕೂಲಕ್ಕೇ ಅಲ್ಲವೇ ಮನೆಯಲ್ಲಿ ಕೂರಿಸಿದ್ದು. ಖರೀದಿಸುವಾಗಲೂ ಪೂರ್ತಿ ಪೆಟ್ಟಿಗೆ ಒಂದೇ ಸಲ ಬೇಡ. ಮಾದರಿ ಪಾಠಗಳನ್ನು ಇಳಿಸಿಕೊಂಡು ಎರಡು ಮೂರು ವಾರ ಮಾಡಿ ನೋಡಿ. ಲೈಬ್ರರಿಯಲ್ಲಿ ಸಿಗುವ ಕಥೆಪುಸ್ತಕಕ್ಕೆ ದುಡ್ಡು ಹಾಕಬೇಡಿ. ಬೇಸಿಗೆಯಲ್ಲಿ ಹೋಂಸ್ಕೂಲ್ ಗುಂಪುಗಳು ಹಳೆಯ ಪುಸ್ತಕಗಳ ಮಾರಾಟ ಇಡುತ್ತವೆ, ಅಲ್ಲಿ ಅರ್ಧ ಬೆಲೆಗೆ ಗೆರೆ ಎಳೆಯದ ಟೀಚರ್ ಗೈಡ್ ಸಿಗುತ್ತದೆ. ನೂರಾರು ಪಠ್ಯಕ್ರಮಗಳನ್ನು ತೂಗಿ ನೋಡಿದ ಕ್ಯಾಥಿ ಡಫಿ ಅವರ ಕೈಪಿಡಿ ಗ್ರಂಥಾಲಯದಲ್ಲೇ ಇರಬಹುದು.

ರಾಜ್ಯ ಬದಲಾದರೆ ಕಾನೂನೂ ಬದಲಾಗುತ್ತದೆ. ನ್ಯೂಜೆರ್ಸಿಯಲ್ಲಿ ತಿಳಿಸುವ ಗೊಡವೆಯೇ ಇಲ್ಲ. ನದಿ ದಾಟಿ ನ್ಯೂಯಾರ್ಕಿಗೆ ಹೋದರೆ ಮಗುವಿಗೆ ಆರು ತುಂಬುವ ವರ್ಷದಿಂದ ಬೋಧನಾ ಯೋಜನೆ ಬರೆದುಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಪೆನ್ಸಿಲ್ವೇನಿಯಾದಲ್ಲಿ ಮಗು ಮಾಡಿದ ಕೆಲಸದ ಕಡತ ಇಟ್ಟು ಅರ್ಹರಿಂದ ಮೌಲ್ಯಮಾಪನ ಮಾಡಿಸಬೇಕು. ಕೆಲಸದ ಮೇಲೆ ಜರ್ಮನಿಗೆ ವರ್ಗವಾದರೆ ಹೋಂಸ್ಕೂಲಿಂಗೇ ಇಲ್ಲ; ಅಲ್ಲಿನ ನಿಷೇಧವನ್ನು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ಎತ್ತಿಹಿಡಿದಿದೆ.

ಭಾರತಕ್ಕೆ ಮರಳುವ ಯೋಚನೆ ಇದ್ದವರಿಗೆ ಇನ್ನೊಂದಿಷ್ಟು ತಯಾರಿ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆರರಿಂದ ಹದಿನಾಲ್ಕರ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದಿದೆ, ಸೇರಿಸದಿದ್ದರೆ ಶಿಕ್ಷೆ ಏನೆಂದು ಹೇಳಿಲ್ಲ; ಮನೆಯಲ್ಲಿ ಓದಿಸುವವರು ಈ ಸಂದಿನಲ್ಲೇ ಬದುಕುತ್ತಿದ್ದಾರೆ. ಹದಿನಾಲ್ಕರ ನಂತರ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಪರೀಕ್ಷೆಗೆ ಕೂರಿಸಬಹುದು. ಶಾಲೆಯ ಮುಖ ನೋಡದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಪ್ರವೇಶಕ್ಕೆ ಪರೀಕ್ಷೆ ಇಡಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಇಲ್ಲೊಂದು ಸಿಕ್ಕು ಇದೆ. ಕ್ರೈಸ್ತ ಪೋಷಕರು ಮೊದಲು ಹೋಗಿ ಕೇಳುವುದು ಸಭೆಯವರು ನಡೆಸುವ ಶಾಲೆಯಲ್ಲಿ. ಅಲ್ಪಸಂಖ್ಯಾತರ ಶಾಲೆಗಳನ್ನು ಸುಪ್ರೀಂ ಕೋರ್ಟ್ 2014ರ ಪ್ರಮತಿ ತೀರ್ಪಿನಲ್ಲಿ ಈ ಕಾಯ್ದೆಯಿಂದ ಹೊರಗಿಟ್ಟಿತು. ಅಲ್ಲಿ ವರ್ಗಾವಣೆ ಪತ್ರ (ಟಿಸಿ) ಇಲ್ಲವೆಂದು ಸೇರಿಸಿಕೊಳ್ಳದಿದ್ದರೆ ಕಾಯ್ದೆ ತೋರಿಸಿ ವಾದಿಸುವಂತಿಲ್ಲ, ಆಡಳಿತದವರ ಮನಸ್ಸು. ಕರ್ನಾಟಕದ ಯಾವ ಶಾಲೆಗೆ ಹೋದರೂ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಕನ್ನಡ ಮೊದಲನೆಯ ಅಥವಾ ಎರಡನೆಯ ಭಾಷೆ. ಸಿಬಿಎಸ್‌ಇ ಎಂದರೂ ಬಿಡುವುದಿಲ್ಲ. ಮನೆಯಲ್ಲಿ ಕೊಂಕಣಿ, ತುಳು ಆಡುವ ಮಕ್ಕಳಿಗೂ ಅಷ್ಟೇ. ಹಾಗಾಗಿ ಮರಳುವವರು ದಿನಕ್ಕೆ ಹತ್ತು ನಿಮಿಷ ಸ್ಲೇಟಿನ ಮೇಲೆ ಅಆಇಈ, ಕಾಗುಣಿತಕ್ಕೆ ಇಡಲಿ. ಜನನ ಪ್ರಮಾಣಪತ್ರದ ಜೊತೆ ಪ್ರತಿ ವಿಷಯದಲ್ಲಿ ಮಗು ತಾನೇ ಬರೆದ ನಾಲ್ಕಾರು ಹಾಳೆಗಳನ್ನು ದಿನಾಂಕ ಹಾಕಿ ಕಡತದಲ್ಲಿ ಜೋಡಿಸಿಡಲಿ. ಸೇರಿಸಬೇಕೆಂದಿರುವ ಶಾಲೆಯ ಆಫೀಸಿಗೆ ಫೋನ್ ಮಾಡಿ ಅವರು ಯಾವ ಕಾಗದ ಕೇಳುತ್ತಾರೆ ಎಂದು ತಿಳಿದುಕೊಂಡ ಮೇಲೆಯೇ ಎರಡನೆಯ ವರ್ಷದ ಪೆಟ್ಟಿಗೆಗೆ ಆರ್ಡರ್ ಮಾಡಲಿ.